ಬಿಕ್ಕೋಡಿನ ಮೊದಲ ಸಾಲು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ನಿಜವಾಗಿ ಬರುವ ವಿದ್ಯೆ ಅದೊಂದೇ.

ಕಡತ ತೆರೆಯದೇ ಹೋಗಬಹುದಿತ್ತು. ತೆರೆದುಕೊಂಡರೂ ಒಳಗೆ ಏನೂ ಇಲ್ಲದಿರಬಹುದಿತ್ತು. ಅಪ್ಪ ಉಳಿಸುವಾಗ ಹೆಸರಿನ ಕೊನೆಗೆ '.txt' ಎಂಬ ಬಾಲವನ್ನು ಒಂದರ ಬದಲು ಎರಡು ಸಲ ಅಂಟಿಸಿ, ನನ್ನ ಪ್ರೋಗ್ರಾಂ ಒಂಟಿ ಬಾಲದ ಕಡತವನ್ನು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ವಾಪಸಾಗಬಹುದಿತ್ತು. ಕಡತದ ತಲೆಯ ಮೇಲೆ ಕಣ್ಣಿಗೆ ಕಾಣದ ಮೂರು ಬೈಟು ಕೂತು ಮೊಟ್ಟಮೊದಲ ಸಾಲನ್ನು ಹಾಳು ಮಾಡಬಹುದಿತ್ತು. ಸಿ ಭಾಷೆಯಲ್ಲಿ ಒಂದು ಸಾಲನ್ನು ಓದುವ ಮೊದಲೇ ಅದಕ್ಕೆಷ್ಟು ಜಾಗ ಬೇಕೆಂದು ಹೇಳಬೇಕು, ಛತ್ರದ ಅಡುಗೆಯವನಿಗೆ ಎಲೆ ಲೆಕ್ಕ ಹೇಳಿದ ಹಾಗೆ. ಇನ್ನೂರೈವತ್ತಾರು ಬೈಟು ಎಂದು ಹೇಳಿ ನಿಶ್ಚಿಂತೆಯಿಂದ ಕೂತರೆ, ನಮ್ಮ ಕನ್ನಡದ ಅಕ್ಷರಗಳು ತಲೆಗೆ ಮೂರು ಎಲೆ ಹಾಕಿಸಿಕೊಂಡು ಉಣ್ಣುವ ಗಿರಾಕಿಗಳು. ಎಂಬತ್ತೈದಕ್ಕೇ ಪಂಕ್ತಿ ತುಂಬಿ, ಉಳಿದ ಅರ್ಧ ಸಾಲು ಹೊಸ ಸಾಲಿನ ವೇಷ ಹಾಕಿಕೊಂಡು ಮುಂದಿನ ಪಂಕ್ತಿಯಲ್ಲಿ ಕೂರಬಹುದಿತ್ತು. ಆ ಅರ್ಧ ಸಾಲು ಅಂಕಿಯಿಂದ ಶುರುವಾಗಿಬಿಟ್ಟರೆ, ಅದರಲ್ಲಿ ಅಪ್ಪ ಬರೆದ ಮಾತು, ಯಾರ ಬಗ್ಗೆ ಬರೆದರೋ ಅವರದೇ ಫೋನಿಗೆ ಹೋಗಿ ಬೀಳಬಹುದಿತ್ತು. ಹಾಗೆ ಬಿದ್ದಿದ್ದರೆ ಹಳೇಬೀಡಿನವರೂ ಮಾದಿಹಳ್ಳಿಯವರೂ ಹುಟ್ಟಿದ ಮೇಲೆ ಮೊದಲ ಸಲ ಒಂದಾಗಿ ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು, ಊಟಕ್ಕಲ್ಲ. ಮಗಳ ಮದುವೆ ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ನನಗೆ ಬಿ.ಪಿ. ಏರಬಹುದಿತ್ತು. ಅದು ಏರಿತು, ಆದರೆ ಅದನ್ನು ಈ ಪಟ್ಟಿಗೆ ಸೇರಿಸುವುದು ತಪ್ಪು. ಅದು ನನ್ನ ಸಹಜ ಸ್ಥಿತಿ.

ಉಳಿದ ಒಂದೂ ಆಗಲಿಲ್ಲ.

ನಾನು ಅರಸೀಕೆರೆಯಲ್ಲಿ ಡಿಪ್ಲೊಮಾ ಓದುವವರಿಗೆ ಸಿ ಭಾಷೆ ಕಲಿಸುವವನು. ನಮ್ಮ ಲ್ಯಾಬಿನ ಒಂಬತ್ತನೇ ಪ್ರಯೋಗ ಇದು: ಒಂದು ಕಡತವನ್ನು ತೆರೆದು ಅದರಿಂದ ಬೇಕಾದ ಪಠ್ಯವನ್ನು ಮಾತ್ರ ಹೆಕ್ಕಿ ತೆಗೆಯಿರಿ. ಇಪ್ಪತ್ತೆರಡು ವರ್ಷದಿಂದ ವರ್ಷಕ್ಕೆರಡು ಸಲ ಅದನ್ನು ಹೇಳಿಕೊಡುತ್ತಿದ್ದೇನೆ. ಅದು ಯಾರಿಗಾದರೂ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ, ನನ್ನನ್ನೂ ಸೇರಿಸಿ. ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಸುವ ಪಕ್ಕದ ವಿಭಾಗದವರು ಊರಿನ ಎಲ್ಲರ ಬೋರ್‌ವೆಲ್ಲಿಗೂ ಬೇಕಾದವರು. ನನ್ನನ್ನು ನೆಂಟರು ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡಾಗ ಕರೆಯುತ್ತಾರೆ.

ಅಪ್ಪ ಅರಸೀಕೆರೆಯ ಮಂಡಿಯಲ್ಲಿ ಮೂವತ್ತೈದು ವರ್ಷ ತೆಂಗಿನಕಾಯಿ ಎಣಿಸಿದವರು. ಲಾರಿಯ ಹಿಂದೆ ನಿಂತು, ಕೈಗೆರಡರಂತೆ ಕಾಯಿ ಎಸೆಯುತ್ತ, ರಾಗವಾಗಿ ಎಣಿಸುವ ಅವರ ದನಿಗೆ ಬೀದಿಯ ನಾಯಿಗಳೂ ಹೊಂದಿಕೊಂಡಿದ್ದವು. ನಿವೃತ್ತರಾದ ಮೇಲೆ ಎಣಿಸುವುದಕ್ಕೆ ಕಾಯಿ ಇಲ್ಲದೆ ನೆಂಟರನ್ನು ಎಣಿಸತೊಡಗಿದರು. ನಾನು ಎಸೆಯಬೇಕೆಂದಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಕುಟ್ಟುವುದನ್ನು ಕಲಿತು, ಆರು ವರ್ಷದಲ್ಲಿ ಒಂದೇ ಒಂದು ಕಡತ ಬರೆದರು. ಹದಿನಾಲ್ಕು ಊರು, ನಾನೂರು ಚಿಲ್ಲರೆ ಮನೆ. ಊರಿಗೊಂದು ತಲೆಬರಹ, ಅದರ ಕೆಳಗೆ ಕ್ರಮಸಂಖ್ಯೆ ಹಾಕಿ ಒಂದೊಂದು ಮನೆಯ ಯಜಮಾನನ ಹೆಸರು, ಗುರುತು. ಅದರ ಕೆಳಗೆ ಟಿಪ್ಪಣಿ.

ಟಿಪ್ಪಣಿ ಎಂದರೆ ಟಿಪ್ಪಣಿಯಲ್ಲ, ತೀರ್ಪು. 'ಇವರು ನಮ್ಮ ಮೊಮ್ಮಗಳ ನಾಮಕರಣಕ್ಕೆ ಬಂದು ಉಣ್ಣದೆ ಹೋದರು. ಕೇಳಿದರೆ ಬಸ್ಸು ತಪ್ಪುತ್ತದೆ ಅಂದರು. ಆ ಹೊತ್ತಿಗೆ ಬಸ್ಸಿಲ್ಲ, ನಾನು ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದೆ.' 'ಇವನು ಒಳ್ಳೆಯವನು. ಆದರೆ ಅದನ್ನು ಅವನೇ ಹೇಳುತ್ತಾನೆ.' '3 ಸಲ ಫೋನು ಮಾಡಿದರೂ ಎತ್ತಲಿಲ್ಲ, 4ನೇ ಸಲ ಎತ್ತಿ ಸ್ನಾನ ಮಾಡುತ್ತಿದ್ದೆ ಅಂದ. ಅಷ್ಟು ಹೊತ್ತು ಸ್ನಾನ ಮಾಡುವ ಮೈ ಅಲ್ಲ ಅದು.' ಬೇಲೂರಿನ ಒಬ್ಬ ಹೈಸ್ಕೂಲು ಮೇಷ್ಟರ ಬಗ್ಗೆ ಒಂದೇ ಮಾತು: 'ನಗುತ್ತಾನೆ.'

ನನ್ನ ಮಗಳ ಮದುವೆ ಗೊತ್ತಾದಾಗ ಈ ಕಡತವೇ ಕರೆಯುವವರ ಪಟ್ಟಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕಾರ್ಡು ಹಂಚುವುದಕ್ಕೆ ಊರಿಗೊಬ್ಬ ನೆಂಟನನ್ನು ಹಿಡಿದೆವು. ಅವರವರ ಊರಿನ ಪಟ್ಟಿಯನ್ನು ಅವರವರ ಫೋನಿಗೆ ಕಳಿಸಬೇಕು. ಹೆಸರು ಹೋಗಬೇಕು, ಟಿಪ್ಪಣಿ ಹೋಗಬಾರದು. ಒಂಬತ್ತನೇ ಪ್ರಯೋಗ! ಇಪ್ಪತ್ತೆರಡು ವರ್ಷ ಕಾದದ್ದಕ್ಕೆ ಕೊನೆಗೂ ಅದು ನನ್ನ ಮನೆ ಬಾಗಿಲು ತಟ್ಟಿತ್ತು.

"ಪೆನ್ನು ತಗೊಂಡು ಕೂತ್ರೆ ಎರಡು ಮಧ್ಯಾಹ್ನದ ಕೆಲಸ ಕಣ್ರೀ," ಎಂದಳು ಹೆಂಡತಿ.

"ಕೈಯಲ್ಲಿ ಬರೆದ್ರೆ ತಪ್ಪಾಗುತ್ತೆ," ಎಂದೆ. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನನಗೇ ವಾಪಸು ಹೇಳಿದ್ದಾಳೆಂಬ ಲೆಕ್ಕ ನನ್ನಲ್ಲಿಲ್ಲ. ಅಪ್ಪನ ಹತ್ತಿರ ಇರಬಹುದು.

ಈಗ ಬಿಕ್ಕೋಡಿನ ದೊಡ್ಡಮ್ಮನ ವಿಷಯ ಹೇಳಬೇಕು, ಏಕೆಂದರೆ ಇಷ್ಟೆಲ್ಲದರಲ್ಲಿ ನಿಜವಾಗಿ ಪಣಕ್ಕೆ ಬಿದ್ದಿದ್ದು ಅದೊಂದೇ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಒಡಹುಟ್ಟಿದ ಅಕ್ಕ, ಇರುವುದೇ ಇಬ್ಬರು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಕೂಗುತ್ತಿದ್ದವಳು, ಆ ದನಿ ಇನ್ನೂ ಇಳಿದಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಈ ಮನೆ ಕಟ್ಟಿಸಿ ಒಕ್ಕಲಾದಾಗ, ಆಮಂತ್ರಣದಲ್ಲಿ 'ಸುಖಾಗಮನ ಬಯಸುವವರು' ಎಂದು ಬಂಧುಗಳ ಹೆಸರು ಹಾಕಿಸುತ್ತೇವಲ್ಲ, ಅದರಲ್ಲಿ ಅವಳ ಹೆಸರು ಬಿಟ್ಟುಹೋಯಿತು. ಪ್ರೆಸ್ಸಿನವನು ಜಾಗ ಸಾಲದೆ ಒಂದು ಸಾಲು ಕತ್ತರಿಸಿದ್ದ. ಪ್ರೂಫು ನೋಡಿದವನು ನಾನು. ಬೇರೆಲ್ಲ ಸಾಲುಗಳಲ್ಲಿ ಅಲ್ಪವಿರಾಮ ಸರಿಯಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ್ದೆ. ಇಲ್ಲದ ಸಾಲನ್ನು ಭೂತಗನ್ನಡಿ ತೋರಿಸುವುದಿಲ್ಲ.

ದೊಡ್ಡಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಬಯಸ್ದೋಳಲ್ಲ ಅಂದ್ಮೇಲೆ ಬರೋದ್ಯಾಕೆ?" ಎಂದಳಂತೆ. ಬರಲಿಲ್ಲ. ಅಮ್ಮ, "ಒಂದು ಸಾಲಿಗೋಸ್ಕರ ಒಡಹುಟ್ಟು ಬಿಡೋಳು ಹೋಗ್ಲಿ ಬಿಡು," ಎಂದಳು. ಹನ್ನೊಂದು ವರ್ಷ ಒಬ್ಬರಿಗೊಬ್ಬರು ಮಾತಾಡಲಿಲ್ಲ. ತಪ್ಪು ಪ್ರೆಸ್ಸಿನವನದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈ ಮದುವೆಗೆ ಅಮ್ಮ ಮೆತ್ತಗಾದಳು. ಮೆತ್ತಗಾದದ್ದು ಗೊತ್ತಾಗಬಾರದೆಂದು ಜೋರಾಗಿ ಹೇಳಿದಳು: "ಬಿಕ್ಕೋಡಲ್ಲಿ ಮೊದ್ಲು ಅವಳ್ನೇ ಬರಿ. ಮೊದ್ಲ್ನೇ ಕಾರ್ಡು ಅವಳ ಕೈಗೇ ಹೋಗ್ಬೇಕು. ಈಸ್ಕೊಂಡ್ಲು ಅಂತ ಸುದ್ದಿ ಬಂದ ದಿವ್ಸ ನಾನೇ ಹೋಗಿ ಕರ್ಕೊಂಡು ಬತ್ತೀನಿ. ಈಸ್ಕೊಳ್ಲಿಲ್ಲ ಅಂದ್ರೆ ನನ್ನ ಮಣ್ಣಿಗೂ ಅವಳು ಬರೋದು ಬ್ಯಾಡ."

ಅಪ್ಪ ಬಿಕ್ಕೋಡಿನ ಪಟ್ಟಿಯನ್ನು ಬಿಚ್ಚಿ, ದೊಡ್ಡಮ್ಮನನ್ನು ಕೆಳಗಿನಿಂದ ಎತ್ತಿ ಎಲ್ಲರಿಗಿಂತ ಮೇಲೆ ಕೂರಿಸಿದರು. ಕಾರ್ಡಿನ ಮೇಲೂ ಅವಳ ಹೆಸರು ಬಂಧುಗಳ ಮೊದಲನೆಯ ಸಾಲಿನಲ್ಲಿ. ಆ ಪ್ರೂಫನ್ನು ನಾನೊಬ್ಬನೇ ಅಲ್ಲ, ಮನೆಮಂದಿಯೆಲ್ಲ ನೋಡಿದರು. ನನ್ನನ್ನು ನಂಬುವ ಕಾಲ ಹೋಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಪ್ರೋಗ್ರಾಂ ಬರೆಯಲು ಕೂತೆ. ಕಡತವನ್ನು ಪೂರ್ತಿ ಓದಲಿಲ್ಲ. ಕಣ್ಣಿನಲ್ಲಿ ಓದುವುದಾದರೆ ಪ್ರೋಗ್ರಾಂ ಯಾಕೆ ಎಂಬ ಅಹಂಕಾರ ಒಂದು. ನನ್ನ ಬಗ್ಗೆಯೂ ಟಿಪ್ಪಣಿ ಇರಬಹುದೆಂಬ ಹೆದರಿಕೆ ಇನ್ನೊಂದು. ಅರಸೀಕೆರೆಯ ಪಟ್ಟಿಯ ನಡುವಿನಲ್ಲಿ ಒಂದು ಪುಟ ನೋಡಿದೆ. ಅಂಕಿ, ಚುಕ್ಕೆ, ಹೆಸರು. ಕೆಳಗೆ ತೀರ್ಪು. ಮತ್ತೆ ಅಂಕಿ, ಚುಕ್ಕೆ, ಹೆಸರು. ಅರ್ಥವಾಯಿತು. ನಿಯಮ ಸರಳ: ಅಂಕಿಯಿಂದ ಶುರುವಾಗುವ ಸಾಲನ್ನು ತೆಗೆದುಕೊ, ಉಳಿದದ್ದನ್ನು ಬಿಡು.

ಸರಳವಾದದ್ದನ್ನು ಕಂಡರೆ ನನಗೆ ಭಯ. ಟಿಪ್ಪಣಿಯೇ '3 ಸಲ ಫೋನು' ಎಂದು ಶುರುವಾದರೆ? ಅಂಕಿಯ ಪಕ್ಕ ಚುಕ್ಕೆ ಇರಲೇಬೇಕೆಂದು ಕಟ್ಟಳೆ ಹಾಕಿದೆ. ಅಪ್ಪ ಮನಸ್ಸು ಬಂದಾಗ ಕನ್ನಡದ ಅಂಕಿ ಕುಟ್ಟಿದ್ದರೆ? ಅದಕ್ಕೊಂದು ದಾರಿ ಮಾಡಿದೆ. ಸಾಲಿನ ಜಾಗವನ್ನು ಇನ್ನೂರೈವತ್ತಾರರಿಂದ ಎಂಟು ಸಾವಿರಕ್ಕೆ ಏರಿಸಿದೆ. ಅಪ್ಪನಿಗೆ ಎಷ್ಟೇ ಸಿಟ್ಟು ಬಂದರೂ ಒಂದೇ ಸಾಲಿನಲ್ಲಿ ಅಷ್ಟು ಬೈಯಲಾರರು. ಕಡತದ ತಲೆಯಲ್ಲಿದ್ದ ಆ ಮೂರು ಬೈಟುಗಳು ನಿಜವಾಗಿಯೂ ಇದ್ದವು, ಹಿಡಿದು ಹೊರಗೆ ಹಾಕಿದೆ. ಪಟ್ಟಿ ಅಚ್ಚುಕಟ್ಟಾಗಿ ಕಾಣಲಿ ಎಂದು ಅಪ್ಪನ ಕ್ರಮಸಂಖ್ಯೆಯನ್ನು ಕಿತ್ತು, ಪ್ರೋಗ್ರಾಮೇ ಒಂದರಿಂದ ಹೊಸದಾಗಿ ಸಂಖ್ಯೆ ಹಾಕುವಂತೆ ಮಾಡಿದೆ. ಆ ಅಚ್ಚುಕಟ್ಟುತನವನ್ನು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಹದಿನಾಲ್ಕು ಪಟ್ಟಿ ಬಂದವು. ಒಂದೊಂದನ್ನೂ ಮೂರು ಮೂರು ಸಲ ಓದಿದೆ. ಒಂದೂ ಟಿಪ್ಪಣಿ ಸೋರಿರಲಿಲ್ಲ. ಬೇಲೂರಿನ ಮೇಷ್ಟರ ಹೆಸರಿನ ಕೆಳಗೆ 'ನಗುತ್ತಾನೆ' ಎಂಬುದು ಇಲ್ಲದ್ದನ್ನು ಕಂಡು ನಾನೇ ನಕ್ಕೆ. ಬರಬಾರದ್ದು ಬಂದಿದೆಯೇ ಎಂದು ನೂರು ಸಲ ನೋಡಿದೆ. ಬರಬೇಕಾದದ್ದು ಬಂದಿದೆಯೇ ಎಂದು ಒಂದು ಸಲವೂ ನೋಡಲಿಲ್ಲ. ಚಿಂತೆ ಮಾಡುವವರ ಹಣೆಬರಹವೇ ಇಷ್ಟು: ಮುಂಬಾಗಿಲಿಗೆ ಏಳು ಚಿಲಕ ಹಾಕಿ ಹಿತ್ತಿಲ ಬಾಗಿಲಿದೆ ಎಂಬುದನ್ನೇ ಮರೆತಿರುತ್ತಾರೆ.

ಪಟ್ಟಿ ಕಳಿಸಿದೆವು. ಊರೂರಿನಿಂದ ಸುದ್ದಿ ಬರತೊಡಗಿತು. ಅರೇಹಳ್ಳಿ ಮುಗಿಯಿತು, ಹಳೇಬೀಡು ಮುಗಿಯಿತು. ಊರಿನ ಹಿರಿತಲೆಗಳಿಗೆ ಕಾರ್ಡು ಸಾಲದೆಂದು ಅಪ್ಪ ಹದಿಮೂರು ಊರಿಗೂ ಹೋಗಿ, ಊರಿಗೊಂದರಂತೆ ಮೊದಲ ಮನೆಗೆ ಎಲೆ ಅಡಿಕೆ ಕೊಟ್ಟು ಬಾಯಲ್ಲಿ ಕರೆದು ಬಂದರು. ಬಿಕ್ಕೋಡಿಗೆ ಮಾತ್ರ ಹೋಗಲಿಲ್ಲ. ಅಲ್ಲಿ ಕಾರ್ಡು ಮೊದಲು ಹೋಗಬೇಕೆಂಬುದು ಅಮ್ಮನ ಅಪ್ಪಣೆ. ಬಿಕ್ಕೋಡಿನ ಹಂಚಿಕೆ ನನ್ನ ಚಿಕ್ಕಪ್ಪನ ಮಗನದು, ಆ ಕಡೆ ಜೀಪು ಓಡಿಸುವವನು. 'ಎಲ್ಲಾ ಕೊಟ್ಟಾಯ್ತು ಕಣಣ್ಣ' ಎಂದು ಅವನ ಮೆಸೇಜು ಬಂತು.

ಅಮ್ಮ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು. ಒಂದು ವಾರವಾಯಿತು, ಎರಡಾಯಿತು. ದೊಡ್ಡಮ್ಮನಿಂದ ಒಂದು ಮಾತಿಲ್ಲ.

"ಕಾರ್ಡು ಸಿಕ್ತಾ ಅಂತ ಕೇಳ್ಲಾ?" ಎಂದೆ.

"ಕೇಳ್ಬ್ಯಾಡ. ಎಲ್ಲಾ ಕೊಟ್ಟಾಯ್ತು ಅಂದ್ನಲ್ಲ ಅವ್ನು. ಸಿಕ್ಕೈತೆ. ಈಸ್ಕೊಂಡು ಒಲೆಗೆ ಹಾಕವ್ಳೆ."

ಮದುವೆ ಅರಸೀಕೆರೆಯ ಛತ್ರದಲ್ಲಿ ನಡೆಯಿತು. ನಮ್ಮದು ಬುದ್ಧವಂದನೆಯ ಮದುವೆ. ಮುಹೂರ್ತ, ರಾಹುಕಾಲ ಎಂದು ಯಾರೂ ಗಡಿಯಾರ ನೋಡುವಂತಿಲ್ಲ, ಹಾಗಾಗಿ ಎಲ್ಲರೂ ಊಟದ ಹೊತ್ತನ್ನು ನೋಡಿಕೊಂಡು ಬಂದರು. ಹಳೇಬೀಡಿನವರು ಬಂದರು, ಮಾದಿಹಳ್ಳಿಯವರು ಬಂದರು, ಬೇಲೂರಿನ ಮೇಷ್ಟರು ಬಂದು ನಕ್ಕರು. ಅನ್ನಕ್ಕೆ ಕೊರತೆಯಾಗಲಿಲ್ಲ, ಕರೆಂಟು ಹೋಗಲಿಲ್ಲ. ಅಮ್ಮ ಮಾತ್ರ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದ ಏಳದೆ, ಬಾಗಿಲನ್ನು ನೋಡುತ್ತಿಲ್ಲ ಎಂಬಂತೆ ಕೂತಿದ್ದಳು. ಮೊಮ್ಮಗಳು ಹಾರ ಬದಲಾಯಿಸುವಾಗಲೂ ಅವಳ ತಲೆ ಅರ್ಧ ಮಾತ್ರ ಈ ಕಡೆ ತಿರುಗಿತು.

ಊಟವೆಲ್ಲ ಮುಗಿದು ಕುರ್ಚಿ ಮಡಚುವಾಗ ಜೀಪಿನವನು ಬೀಡ ಹಾಕಿಕೊಳ್ಳುತ್ತ ಬಂದ. ಅಮ್ಮ ತಡೆಯಲಾರದೆ ಕೇಳಿದಳು: "ಕಾರ್ಡು ಕೊಟ್ಟಾಗ ಏನಂದ್ಲೋ ಅವಳು?"

"ಯಾರು, ದೊಡ್ಡವ್ವ?"

"ಇನ್ಯಾರು? ನಮ್ಮಕ್ಕ."

ಅವನು ಬೀಡ ಅಗಿಯುವುದನ್ನು ನಿಲ್ಲಿಸಿದ. "ಅವ್ರ ಹೆಸ್ರು ಪಟ್ಟೀಲಿ ಇರ್ಲೇ ಇಲ್ವಲ್ಲ. ಬೇಕಂತ್ಲೇ ಬಿಟ್ಟವ್ರೆ ಅಂದ್ಕೊಂಡೆ. ಹನ್ನೊಂದು ವರ್ಸದ ವಿಷ್ಯ, ನಾನ್ಯಾಕೆ ಬಾಯಿ ಹಾಕ್ಲಿ?"

ಅಮ್ಮ ನನ್ನ ಕಡೆ ತಿರುಗಿದಳು. ಹಾರ ಬದಲಾಯಿಸುವಾಗ ಅರ್ಧ ತಿರುಗಿದ್ದ ತಲೆ ಈಗ ಪೂರ್ತಿ ತಿರುಗಿತು.

"ಅಪ್ಪನೇ ಬರೆದಿಲ್ಲವೇನೋ," ಎಂದೆ. ನಲವತ್ತೊಂಬತ್ತು ವರ್ಷದ ಮನುಷ್ಯ, ಮಗಳ ಮದುವೆ ಮಾಡಿದವನು, ಅಪ್ಪನ ಮೇಲೆ ಹಾಕಿದೆ. ಪ್ರೆಸ್ಸಿನವನು ಈ ಸಲ ಸಿಗಲಿಲ್ಲವಲ್ಲ.

ಅಪ್ಪ ಮಾರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಮುಂದೆ ನಿಂತಿದ್ದರು. ಅಮ್ಮನೂ ನಿಂತಿದ್ದಳು, ಕೈಯಲ್ಲಿ ಒಂದು ಕಾರ್ಡು.

"ಮದುವೆ ಮುಗಿದ ಮೇಲೆ ಕಾರ್ಡು ಕೊಡೋಕೆ ಹೋಗೋದಾ?" ಎಂದೆ.

"ಕಾರ್ಡು ಕೊಡಾಕಲ್ಲ. ನಿನ್ನ ತೋರ್ಸಕೆ. ನೋಡೆ, ಎರಡು ಸಲಾನೂ ಇವ್ನೇ ಅಂತ."

ಜಾವಗಲ್ಲು, ಹಳೇಬೀಡು, ಬೇಲೂರು ದಾಟುವವರೆಗೂ ನಾನು ಮನಸ್ಸಿನಲ್ಲೇ ಪ್ರೋಗ್ರಾಮನ್ನು ಸಾಲು ಸಾಲಾಗಿ ಓಡಿಸುತ್ತಿದ್ದೆ. ಬೈಟು ಸರಿ. ಜಾಗ ಸರಿ. ಚುಕ್ಕೆ ಸರಿ. ಮತ್ತೆ ಮೊದಲಿನಿಂದ ಓಡಿಸಿದೆ.

ದೊಡ್ಡಮ್ಮ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ನಮ್ಮನ್ನು ನೋಡಿ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. "ಮದ್ವೆ ಮುಗೀತಂತೆ," ಎಂದಳು ಮೆಣಸಿಗೆ.

ಅಮ್ಮ ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. ನಾನು ಹೇಳಿದೆ: ಕಡತ, ಪ್ರೋಗ್ರಾಂ, ಹೆಕ್ಕುವುದು. ಇಪ್ಪತ್ತೆರಡು ವರ್ಷ ಪಾಠ ಮಾಡಿದರೂ ಅಷ್ಟು ಕೆಟ್ಟದಾಗಿ ಯಾವತ್ತೂ ಮಾಡಿರಲಿಲ್ಲ. ದೊಡ್ಡಮ್ಮ ಕೇಳಿಸಿಕೊಂಡಳು.

"ಅಂದ್ರೆ ಮಿಷಿನ್ನು ಬಿಟ್ಬುಡ್ತು ಅಂತೀಯ. ಹೋದ್ಸಲ ಪ್ರೆಸ್ಸು, ಈ ಸಲ ಮಿಷಿನ್ನು. ನಿನ್ ಕೈಯೇನು ಬರೀ ಉಣ್ಣಾಕಾ?"

"ಪಟ್ಟೀಲಿ ನೀವಿದೀರ ಅತ್ತಿಗೆ," ಎಂದರು ಅಪ್ಪ. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪು ಬಿಚ್ಚಿ, ಕನ್ನಡಕ ಏರಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದರು. "ನೋಡಿ, ಓದ್ತೀನಿ. ಬಿಕ್ಕೋಡು. ನಿಮ್ಮ ಹೆಸ್ರೇ ಮೊದ್ಲು. ಆಮೇಲೆ ಇವ್ರು, ಆಮೇಲೆ ಇವ್ರು."

ದೊಡ್ಡಮ್ಮ ಬಗ್ಗಿ ನೋಡಿದಳು. ಹಾಜರಿ ಪುಸ್ತಕ ಓದಿದ ಕಣ್ಣು, ಬೇಗ ಹಿಡಿಯಿತು. "ನನ್ ಹೆಸ್ರಿನ ಕೆಳಗೇನೋ ಐತಲ್ಲ. ಅದೇನು?"

ಅಪ್ಪ ಪರದೆ ಮುಚ್ಚಲು ಹೋದರು. ನಾನೂ ಕೈ ಚಾಚಿದೆ. ನಾನೂರು ಮನೆಯ ಟಿಪ್ಪಣಿಯಲ್ಲಿ ಒಂದೂ ಸೋರದಂತೆ ನೋಡಿಕೊಂಡವನ ಎದುರಿಗೇ ಅದು ಸೋರುತ್ತಿತ್ತು. ದೊಡ್ಡಮ್ಮ ನಮ್ಮಿಬ್ಬರ ಕೈಯನ್ನೂ ತಳ್ಳಿ, ಎಸ್ಟೇಟಿಗೇ ಕೇಳುವಂತೆ ಓದಿದಳು: 'ಇವರಿಗೆ ಕೋಪ ಜಾಸ್ತಿ. ನಮ್ಮವಳಿಗೂ. ಇವರು ಬರುವುದು ಬಿಟ್ಟ ಮೇಲೆ ನಮ್ಮ ಮನೆಯ ಕಜ್ಜಾಯ ಕಲ್ಲಾಗಿದೆ. ನಮ್ಮವಳಿಗೆ ಪಾಕ ಬರುವುದಿಲ್ಲ, ಯಾವಾಗಲೂ ಅಕ್ಕನೇ ಇಳಿಸುತ್ತಿದ್ದುದು. 11 ವರ್ಷದಿಂದ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದೇನೆ.'

ಅಪ್ಪ ಜಗಲಿಯಿಂದಿಳಿದು, ಸರಿಯಾಗಿಯೇ ಇದ್ದ ಮೆಣಸಿನ ಚಾಪೆಯನ್ನು ಸರಿಮಾಡತೊಡಗಿದರು.

"ಏನಂದ್ರೀ? ಕಲ್ಲಾ?" ಎಂದಳು ಅಮ್ಮ ಅಪ್ಪನಿಗೆ.

"ಇನ್ನೇನೇ ಮತ್ತೆ," ಎಂದಳು ದೊಡ್ಡಮ್ಮ, ಹನ್ನೊಂದು ವರ್ಷದಲ್ಲಿ ತಂಗಿಗೆ ಆಡಿದ ಮೊದಲ ಮಾತು. "ನೀರಲ್ಲಿ ಬಿಟ್ಟು ಉಂಡೆ ಕಟ್ತದಾ ಅಂತ ನೋಡು ಅಂತ ಎಷ್ಟು ಸಲ ಬಡ್ಕೊಂಡಿದ್ದೆ. ನೋಡ್ತಿದ್ಯಾ?"

"ನೋಡ್ತೀನಿ."

"ನೋಡಿದ್ರೆ ಕಲ್ಲಾಗಲ್ಲ. ಬಾ ಒಳಗೆ, ಬೆಲ್ಲ ಐತೆ."

ಬೈದಾಡುತ್ತಲೇ ಇಬ್ಬರೂ ಒಳಗೆ ಹೋದರು. ಅಮ್ಮ ತಂದಿದ್ದ ಕಾರ್ಡು ಮೆಣಸಿನ ಚಾಪೆಯ ಅಂಚಿಗೆ ಬಿದ್ದಿತ್ತು. ಅಪ್ಪ ಅದನ್ನೆತ್ತಿ ಒರೆಸಿ, ಲ್ಯಾಪ್‌ಟಾಪಿನ ಚೀಲದಿಂದ ಒಂದು ಕಟ್ಟು ತೆಗೆದು ಅದಕ್ಕೆ ಸೇರಿಸಿದರು. ಹಂಚದೆ ಉಳಿದ ಕಾರ್ಡುಗಳಂತೆ; ಬಿಕ್ಕೋಡೊಂದು ಬಿಟ್ಟು ಊರೂರಿನಿಂದ ಒಂದೊಂದು ವಾಪಸು ಬಂದಿತ್ತಂತೆ. ಮೊದಲ ಮನೆಗಳಿಗೆ ತಾವೇ ಬಾಯಲ್ಲಿ ಕರೆದದ್ದಕ್ಕೆ ಹುಡುಗರು ಕಾರ್ಡು ಉಳಿಸಿದ್ದಾರೆಂದು ಅವರು ಸುಮ್ಮನಿದ್ದರಂತೆ. ಜಗಲಿಯ ಮೇಲೆ ಒಂದೊಂದಾಗಿ ಹಾಕುತ್ತ, ಮಂಡಿಯ ಆ ಹಳೆಯ ರಾಗದಲ್ಲಿ ಎಣಿಸತೊಡಗಿದರು.

"ಲಾಭ... ಎರಡೂ... ಮೂರೂ... ನಾಕೂ..."

ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ.

ನಮ್ಮ ಕಡೆ ರಾಗಿ ಅಳೆಯುವವರು, ಕಾಯಿ ಎಣಿಸುವವರು ಯಾರೂ ಮೊದಲನೆಯದನ್ನು ಒಂದು ಎನ್ನುವುದಿಲ್ಲ. ಲಾಭ ಎಂದೇ ಶುರು ಮಾಡುತ್ತಾರೆ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಪಂಚಾಂಗವನ್ನು ಮೂವತ್ತು ವರ್ಷದ ಹಿಂದೆ ಅಟ್ಟಕ್ಕೆ ಎಸೆದ ಅಪ್ಪನಿಗೆ ಅದೊಂದನ್ನು ಎಸೆಯಲಾಗಿರಲಿಲ್ಲ. ಹದಿನಾಲ್ಕು ಊರಿನ ಪಟ್ಟಿಯನ್ನೂ ಮೇಲಿಂದ ಕೆಳಗೆ ನೋಡಿದೆ. ಎಲ್ಲದರಲ್ಲೂ 2, 3, 4 ಸರಿಯಾಗಿ, ಚುಕ್ಕೆ ಸಮೇತ, ನನ್ನ ಪ್ರೋಗ್ರಾಂ ಬಯಸಿದ ಹಾಗೆಯೇ ಇದ್ದವು. ಒಂದು ಎಂಬ ಅಂಕಿ ಇರಬೇಕಾದ ಕಡೆ ಮಾತ್ರ ಅಪ್ಪ ಒಂಟಿ ಬೆರಳಿನಲ್ಲಿ, ಹದಿನಾಲ್ಕು ಸಲ, ಲಾಭ ಎಂದು ಕುಟ್ಟಿದ್ದರು.